ಗೋಡೆಯ ಮೇಲಿನ ಮೂರು ಸೊಪ್ಪು

ಹೂಂಗುಟ್ಟುವವರು ಇದ್ದರೆ ಕಥೆ, ಇಲ್ಲದಿದ್ದರೆ ನನಗೆ ಒಳಗೆ ಅವರೆಕಾಯಿ ಸುಲಿಯುವುದಿದೆ. ಇದ್ದೀರಾ? ಸರಿ, ಕೇಳಿ.

ಒಂದಾನೊಂದು ಕಾಲದಲ್ಲಿ, ಕಾಗೆಗೆ ಒಂದು ದಿನದ ದಾರಿ, ಚಾಡಿಮಾತಿಗೆ ಅರ್ಧ ದಿನದ ದಾರಿ, ಅಷ್ಟು ದೂರದಲ್ಲಿ ಒಂದು ಊರಿತ್ತು. ಊರಿನ ಹೆಸರು ಕೇಳಬೇಡಿ. ನನಗೆ ಹೇಳಿದವರು ಹೆಸರು ಹೇಳಲಿಲ್ಲ. ಅವರು ಹೇಳದ್ದನ್ನು ನಾನು ಬರೆದಿಟ್ಟುಕೊಂಡಿಲ್ಲ. ಬರೆದಿಟ್ಟುಕೊಳ್ಳದ್ದನ್ನು ನಾನು ಹೇಳುವುದಿಲ್ಲ.

ಆ ಊರಲ್ಲಿ ಹೊನ್ನಾಜಮ್ಮ ಅಂತ ಒಬ್ಬಳಿದ್ದಳು. ಅವಳ ಗಂಡ ದ್ಯಾವೀರಯ್ಯ. ಮಗಳು ಚಿಕ್ಕತಾಯಿ, ಮದುವೆಯಾಗಿ ಪಕ್ಕದ ಸೀಮೆ ಸೇರಿದ್ದಳು. ಹೊನ್ನಾಜಮ್ಮನ ಮನೆಯ ಹಿಂದೆ ಒಂದು ಹಿತ್ತಿಲು. ಬೀಜ ತಂದು ಮಡಿ ಕಟ್ಟಿದ್ದಲ್ಲ. ಮಳೆ ಬಿದ್ದರೆ ತಾನಾಗಿ ಏಳುವ ನಾಡಸೊಪ್ಪನ್ನೇ ಅವಳು ಕಾಪಾಡಿಕೊಂಡಿದ್ದಳು. ಹೊನಗನ್ನೆ, ಗಣಿಕೆ, ಗೋಣಿಸೊಪ್ಪು. ಬಗ್ಗಿ ನೀರು ಹಾಕುವಳು, ಕೋಳಿ ಕೆದಕದಂತೆ ಮುಳ್ಳು ಕಟ್ಟುವಳು, ಚಿಗುರು ಚಿವುಟಿ ಬುಡ ಬಿಡುವಳು. ಮೂರನ್ನೂ ಬೆರೆಸಿ, ತೊಗರಿಬೇಳೆ ಜೊತೆ ಬೇಯಿಸಿ, ಕಟ್ಟು ಬಸಿದು ಸಾರು ಮಾಡಿದರೆ ಬೀದಿಯ ಆ ತುದಿಯವರು ಮುದ್ದೆ ಹಿಡಿದು ಬರಬೇಕು. ಒಂದೇ ಸೊಪ್ಪಿನದು ಸಾರಲ್ಲ, ಬೆರಕೆ ಇದ್ದರೇ ಸಾರು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಮದ್ದಾಗಬೇಕೆಂದು ಯಾರು ಕೇಳಿದರು? ಊಟವಾದರೆ ಸಾಲದೇ?

ಇನ್ನು ದ್ಯಾವೀರಯ್ಯ. ಕೆಟ್ಟವನಲ್ಲ. ಕುಡಿಯುವವನಲ್ಲ, ಬಯ್ಯುವವನಲ್ಲ, ಸುಮ್ಮನೆ ಕೂರುವವನೂ ಅಲ್ಲ. ಆ ಕೊನೆಯದೇ ಕಷ್ಟ. ಮನೆಗೆ ನೆಂಟರು ಬರುತ್ತಾರೆ ಅಂದರೆ ಸಾಕು, ಅವನ ಕೈ ಕಡಿಯುತ್ತಿತ್ತು. ಮುಂದಿನ ಅಂಗಳದಂತೆ ಹಿತ್ತಿಲೂ ಸಗಣಿ ಸಾರಿಸಿ ಕನ್ನಡಿಯಂತಿರಬೇಕು. ನೆಂಟರು ಹಿತ್ತಿಲಿಗೆ ಬರುವುದೇ ಕೈಕಾಲು ತೊಳೆಯಲಿಕ್ಕೆ ಅಂತ ಅವನಿಗೆ ಯಾರು ಹೇಳಬೇಕು?

ಮೊದಲ ಸಲ ಅವನ ಅಕ್ಕ ಬರುವವಳಿದ್ದಳು. ಹೊನ್ನಾಜಮ್ಮ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಬಂದು ನೋಡಿದರೆ ಹೊನಗನ್ನೆ ಇಲ್ಲ.

"ಹೊನಗನ್ನೆ ಎಲ್ಲಿ?"

"ಯಾವುದು, ಆ ಕಳೆನಾ? ಕಿತ್ತು ಬಚ್ಚಲ ಮೋರಿ ಆಚೆಗೆ ಎಸೆದೆ. ನೋಡು, ಹೇಗೆ ಬೆಳ್ಳಗಾಗಿದೆ."

ಹೊನ್ನಾಜಮ್ಮ ಒಳಗೆ ಹೋದಳು. ಒಲೆಯಿಂದ ಇದ್ದಿಲು ತಂದಳು. ಅಕ್ಷರ ಬಾರದವಳು, ಆದರೆ ಲೆಕ್ಕ ತಪ್ಪದವಳು. ಹಿತ್ತಿಲ ಗೋಡೆಯ ಮೇಲೆ ಒಂದು ಎಲೆ ಬರೆದಳು, ಪಕ್ಕದಲ್ಲಿ ಆ ದಿನದ ಚಂದ್ರ, ಅದರ ಪಕ್ಕ ಮೋರಿ. ಏನು, ಯಾವತ್ತು, ಎಲ್ಲಿಗೆ. ದಾಖಲೆ ಅಂದರೆ ಇಷ್ಟೇ ಕಣ್ರೇ. ನಿಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ?

ಎರಡನೇ ಸಲ ಊರ ಪಟೇಲ ಬರುವವನಿದ್ದ. ಹೊನ್ನಾಜಮ್ಮ ರಾಗಿ ಬೀಸಲು ಪಕ್ಕದ ಮನೆಗೆ ಹೋಗಿದ್ದಳು. ಬಂದು ನೋಡಿದರೆ ಗಣಿಕೆ ಇಲ್ಲ. ಕಪ್ಪು ಹಣ್ಣು ತುಂಬಿದ ಗಿಡ, ಬೇರು ಸಮೇತ ಇಲ್ಲ.

"ಗಣಿಕೆ ಎಲ್ಲಿ?"

"ತಿಪ್ಪೆಗೆ. ಪಟೇಲರ ಪಂಚೆಗೆ ಹಣ್ಣಿನ ಕಲೆ ಆದರೆ ನೀನು ಒಗೆದುಕೊಡ್ತೀಯಾ?"

"ನೀವು ಉಣ್ಣುವ ಸಾರು ಎಲ್ಲಿಂದ ಬರುತ್ತೆ ಅಂದುಕೊಂಡಿದ್ದೀರಿ?"

"ಒಲೆ ಮೇಲಿಂದ."

ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ಹೊನ್ನಾಜಮ್ಮ ಮತ್ತೆ ಇದ್ದಿಲು ಹಿಡಿದಳು. ಎಲೆ, ಚಂದ್ರ, ತಿಪ್ಪೆ. 'ಇರಲಿ, ಒಂದಲ್ಲ ಒಂದು ದಿನ ಬೀಗರು ಬರುತ್ತಾರೆ. ಅವರೆದುರು ಈ ಗೋಡೆ ತೋರಿಸಿ ನಿನ್ನ ಮಾನ ತೆಗೆಯದಿದ್ದರೆ ಕೇಳು' ಅಂತ ಮನಸ್ಸಿನಲ್ಲೇ ಅಂದುಕೊಂಡಳು.

ಆ ದಿನ ಬಂದೇ ಬಂತು, ಆದರೆ ಅವಳು ಬಯಸಿದಂತೆ ಅಲ್ಲ. ಮಗಳ ಊರಿಂದ ಬಂದ ಬಳೆಗಾರ ಸುದ್ದಿ ತಂದ. ಚಿಕ್ಕತಾಯಿಗೆ ಮೂರು ತಿಂಗಳು. ಅನ್ನ ಕಂಡರೆ ಓಕರಿಕೆ, ಹಾಲು ಕಂಡರೆ ಓಕರಿಕೆ, ಹಣ್ಣು ಕಂಡರೂ ಓಕರಿಕೆ. ಮೈಯಲ್ಲಿ ಮೂಳೆ ಬಿಟ್ಟರೆ ಇನ್ನೇನೂ ಉಳಿದಿಲ್ಲ. ಬಾಯಿಬಿಟ್ಟು ಕೇಳಿದ್ದು ಒಂದೇ: ಅವ್ವನ ಹಿತ್ತಿಲ ಬೆರಕೆ ಸೊಪ್ಪಿನ ಸಾರಾದರೆ ಎರಡು ತುತ್ತು ಇಳಿದೀತು. ಬಯಕೆ ತೀರಿಸದಿದ್ದರೆ ಹೇಗೆ ಅಂತ ಅತ್ತೆಯೇ ಗಾಡಿ ಕಟ್ಟಿಸಿಕೊಂಡು ಅವಳನ್ನು ಕರೆತರುತ್ತಿದ್ದಾಳೆ.

ಹೊನ್ನಾಜಮ್ಮ ಗಂಡನನ್ನು ಎದುರಿಗೆ ಕೂರಿಸಿಕೊಂಡಳು. "ಮಗಳು ಬರ್ತಿರೋದು ಸೊಪ್ಪಿಗೆ. ಗೋಣಿಸೊಪ್ಪು ಒಂದಾದರೂ ಉಳಿದಿದೆ, ಮಿಕ್ಕದ್ದು ಸಂತೆಯಲ್ಲಿ ಹುಡುಕಿಕೊಂಡು ಬರ್ತೀನಿ. ಹಿತ್ತಿಲಿಗೆ ಕೈ ಹಾಕಬೇಡಿ. ಕೇಳಿಸಿತಾ?"

"ಕೇಳಿಸಿತು. ಬೀಗರು ಬರ್ತಾರೆ."

ನೋಡಿ, ಅಷ್ಟು ಮಾತಿನಲ್ಲಿ ಅವನ ತಲೆಯಲ್ಲಿ ನಿಂತಿದ್ದು ಯಾವುದು?

ಸಂತೆಯಲ್ಲಿ ಗೆಡ್ಡೆಯಿತ್ತು, ಗೆಣಸಿತ್ತು, ಬದನೆಯಿತ್ತು. ತಾನಾಗಿ ಬೆಳೆಯುವುದನ್ನು ಯಾರು ತಂದು ಮಾರುತ್ತಾರೆ? ಹೊನ್ನಾಜಮ್ಮ ಬರಿಗೈಯಲ್ಲಿ ಬಂದಳು. ಹಿತ್ತಿಲು ಕನ್ನಡಿಯಂತಿತ್ತು. ನಡುವೆ ನಾಲ್ಕು ಎಳೆಯ ರಂಗೋಲಿ ಬೇರೆ.

"ಗೋಣಿಸೊಪ್ಪು?"

"ಹಿಂದಿನ ಬಂಡೆ ಮೇಲೆ ಒಣಗಲಿ ಅಂತ ಬಿಸಾಡಿದೆ. ಬೆಳಗ್ಗೆಯಿಂದ ಸೊಂಟ ನೆಟ್ಟಗಾಗಿಲ್ಲ ನೋಡು."

ಅವಳು ಮೂರನೇ ಸಾಲು ಬರೆದಳು. ಚಂದ್ರ ಸೊಟ್ಟಗಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಗಾಡಿ.

ಚಿಕ್ಕತಾಯಿ ಇಳಿದಳು. ಕಣ್ಣು ಗುಳಿ ಬಿದ್ದಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. "ಸಾರು ಆಯ್ತೇನವ್ವಾ?" ಅಂದಳು.

ಹಿಂದೆಯೇ ಅವಳ ಅತ್ತೆ ಇಳಿದಳು. ಹೊನ್ನಾಜಮ್ಮ ಬೀಗಿತ್ತಿಯ ಕೈ ಹಿಡಿದು ನೇರ ಗೋಡೆಯ ಮುಂದೆ ನಿಲ್ಲಿಸಿದಳು. "ಓದಿ ಹೇಳ್ತೀನಿ, ಕೇಳಿ. ಯುಗಾದಿ ಕಳೆದ ಮೂರನೇ ದಿನ, ಹೊನಗನ್ನೆ, ಬಚ್ಚಲ ಮೋರಿ ಆಚೆಗೆ. ಮಾಡಿದವರು ಇವರು."

ಬೀಗಿತ್ತಿ ಗಟ್ಟಿ ಹೆಂಗಸು. ಜಗಳಕ್ಕಿಂತ ಹೊಟ್ಟೆ ಮುಖ್ಯ ಅಂತ ತಿಳಿದವಳು. "ಮೋರಿ ಆಚೆಗಾ?" ಅಂತ ಗೋಡೆ ಸುತ್ತಿ ಹೋದಳು. ಮಡಿಲು ತುಂಬ ಹೊನಗನ್ನೆ ಹೊತ್ತು ಬಂದಳು. ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಬಚ್ಚಲ ನೀರಲ್ಲಿ ಹಬ್ಬಿಕೊಂಡಿತ್ತು.

ಹೊನ್ನಾಜಮ್ಮ ನಿಲ್ಲಿಸಲಿಲ್ಲ. ಕೋಪ ಅರ್ಧಕ್ಕೆ ನಿಲ್ಲುತ್ತದೆಯೇ? "ಭೀಮನ ಅಮಾವಾಸ್ಯೆ ಹಿಂದಿನ ದಿನ, ಗಣಿಕೆ, ತಿಪ್ಪೆಗೆ."

"ತಿಪ್ಪೆಗಾ?" ಬೀಗಿತ್ತಿ ಹೋದಳು. ಬಿದ್ದ ಹಣ್ಣೊಂದೊಂದರಲ್ಲೂ ಹಿಡಿ ಹಿಡಿ ಸಸಿ. ಎರಡನೇ ಮಡಿಲು.

"ಇವತ್ತು, ಗೋಣಿಸೊಪ್ಪು, ಬಂಡೆಗೆ."

ಬಂಡೆಯ ಮೇಲೆ ಬಿಸಿಲಲ್ಲಿ ಬಿದ್ದ ಗೋಣಿಸೊಪ್ಪು ಬಾಡಿಯೇ ಇರಲಿಲ್ಲ. ಅದರ ಎಲೆ ತನ್ನ ನೀರನ್ನು ತಾನೇ ಕಟ್ಟಿಟ್ಟುಕೊಂಡಿರುತ್ತದೆ. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು, ಪುಸ್ತಕದಲ್ಲಿ ಅದಕ್ಕೊಂದು ಉದ್ದದ ಹೆಸರಿದೆ, ಸಾರಿಗೆ ಆ ಹೆಸರು ಬೇಡ. ಮೂರನೇ ಮಡಿಲೂ ತುಂಬಿತು.

ಮನೆಯ ಸುತ್ತಲೇ ಇದ್ದದ್ದು ಹೊನ್ನಾಜಮ್ಮನಿಗೆ ಇಷ್ಟು ದಿನ ಯಾಕೆ ಕಾಣಲಿಲ್ಲ ಅಂತೀರಾ? ಅವಳು ಗೋಡೆ ನೋಡಿಕೊಂಡಿದ್ದಳು.

ಸಾರು ಕುದಿಯಿತು. ಚಿಕ್ಕತಾಯಿ ಒಂದು ತುತ್ತು ಉಂಡಳು, ಎಲ್ಲರೂ ಉಸಿರು ಹಿಡಿದರು. ಎರಡನೆಯದು ಉಂಡಳು. ಮೂರನೆಯದು ಆದ ಮೇಲೆ ತಟ್ಟೆ ಮುಂದೆ ನೂಕಿ, "ಇನ್ನೊಂದು ಮುದ್ದೆ ಇಕ್ಕವ್ವಾ" ಅಂದಳು. ಹೊನ್ನಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಹೊಗೆಯನ್ನು ಬೈದಳು.

ಬೀಗಿತ್ತಿ ಕೈ ತೊಳೆಯುತ್ತಾ ಕೇಳಿದಳು: "ಮನೆ ಸುತ್ತ ಇಷ್ಟು ಸೊಪ್ಪು. ಬೆಳೆಸಿದ್ದು ಯಾರು?"

ಹೊನ್ನಾಜಮ್ಮ ಬಾಯಿ ತೆರೆಯುವುದರೊಳಗೆ ದ್ಯಾವೀರಯ್ಯ ಮೀಸೆ ನೀವಿಕೊಂಡ. "ನಾನೇ. ಗೋಡೆ ಮೇಲೆ ಬರೆದಿದೆಯಲ್ಲ."

ಏನು ಹೇಳುತ್ತಾಳೆ ಪಾಪ? ಬರೆದವಳು ಅವಳೇ. ಬೀಗರೆದುರು ಓದಿದವಳೂ ಅವಳೇ. ಸುಮ್ಮನೆ ಇದ್ದಿಲು ತೆಗೆದುಕೊಂಡು ನಾಲ್ಕನೇ ಸಾಲಿನಲ್ಲಿ ಒಂದು ಮೀಸೆ ಬರೆದಳು.

ಬೀಗರು ಹೋದ ಮಾರನೇ ದಿನ ಗಂಡನಿಗೆ ಕುಡುಗೋಲು ಕೊಟ್ಟು ಹೇಳಿದಳು: "ಮುಂದಿನ ವಾರ ನಿಮ್ಮ ಅಕ್ಕ ಬರ್ತಾಳೆ. ಮೋರಿ ಆಚೆ, ತಿಪ್ಪೆ ಮೇಲೆ, ಎಲ್ಲ ಚೊಕ್ಕ ಮಾಡಿ. ಕಿತ್ತದ್ದನ್ನು ಮಾತ್ರ ಈ ಸಲ ಬೇಲಿ ಉದ್ದಕ್ಕೂ ಬಿಸಾಡಿ."

ಅಕ್ಕ ಬರುವವಳಿರಲಿಲ್ಲ. ಅವನಿಗೆ ಅದು ಇವತ್ತಿಗೂ ಗೊತ್ತಿಲ್ಲ. ಬೇಲಿ ಮಾತ್ರ ಹಸಿರಾಯಿತು.

ಅವರು ಅಲ್ಲಿ ಉಂಡರು, ನಾವು ಇಲ್ಲಿ ಕಥೆ ಉಂಡೆವು. ಸಾರಿಗೆ ಕಟ್ಟು ಬಸಿದಾಯಿತು, ಕಥೆಗೆ ಕಟ್ಟು ಹಾಕಿಯಾಯಿತು. ಏಳಿ, ಅವರೆಕಾಯಿ ಸುಲಿಯೋಣ. ಸಿಪ್ಪೆಯನ್ನು ಎಲ್ಲಿ ಬಿಸಾಡುತ್ತೀರಿ ಅಂತ ನನಗೆ ಹೇಳಿ ಬಿಸಾಡಿ.