ನನ್ನ ಹೆಸರಿನ ಪಿಸ್ತೂಲು

ನಾನು ಗುರುದೇವಿ, ವಯಸ್ಸು 47 ವರ್ಷ, ಉದ್ಯೋಗ ಮನೆಕೆಲಸ, ಕಾಗದದ ಮೇಲೆ ಪೆಟ್ರೋಲ್ ಬಂಕಿನ ಮಾಲಕಿ, ಸಾ: ಹಿರೇಬನ್ನಟ್ಟಿ, ತಾ: ಹುಣಸಗಿ, ಜಿ: ಯಾದಗಿರಿ. ಗಂಡನ ಹೆಸರು ಸಂಗಣ್ಣ. ಗಂಡನ ಹೆಸರನ್ನು ಬಾಯಿಂದ ಹೇಳುವ ರೂಢಿ ನನಗಿಲ್ಲವಾದ್ದರಿಂದ ಚೀಟಿಯ ಮೇಲೆ ಬರೆದು ತೋರಿಸಿದ್ದೇನೆ. ದಿನಾಂಕ 11-02-2025ರಂದು ಬೆಳಿಗ್ಗೆ 11-30ಕ್ಕೆ ಠಾಣೆಗೆ ಖುದ್ದಾಗಿ ಬಂದು, ಮಹಿಳಾ ಹೆಡ್ ಕಾನ್ಸ್‌ಟೇಬಲ್ ಮಸರತ ಅವರ ಮುಂದೆ ಹೇಳಿ ಬರೆಸುವುದೇನೆಂದರೆ, ನನ್ನ ಹೆಸರಿನಲ್ಲಿ ಪಿಸ್ತೂಲಿನ ಲೈಸೆನ್ಸ್ ಕೋರಿ ಸಲ್ಲಿಕೆಯಾಗಿರುವ ಅರ್ಜಿ ನನ್ನದಲ್ಲ.

ನಮ್ಮ ಮನೆಯಲ್ಲಿ ನನ್ನ ಹೆಸರಿನಲ್ಲಿ ಬಹಳ ಇವೆ. ಬಂಕು ಇದೆ, ಟ್ರ್ಯಾಕ್ಟರ್ ಇದೆ, ಎಂಟು ಎಕರೆ ನೀರಾವರಿ ಇದೆ. ಮಹಿಳಾ ಮೀಸಲು ಬಂದಾಗ ಎರಡೂವರೆ ವರ್ಷ ನಾನು ಪಂಚಾಯತಿ ಅಧ್ಯಕ್ಷೆಯೂ ಆಗಿದ್ದೆ. ಕುರ್ಚಿಯಲ್ಲಿ ಕೂಡುತ್ತಿದ್ದವರು ನಮ್ಮ ಯಜಮಾನರು. ನನ್ನ ಸಹಿಯನ್ನೂ ಅವರೇ ಹಾಕುತ್ತಿದ್ದರು, ನನಗಿಂತ ಚಂದ ಹಾಕುತ್ತಾರೆ. ಹೆಸರು ಅಕ್ಕಂದು, ಹುಕುಂ ಮಾಮಂದು ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ.

ಯಜಮಾನರ ಹೆಸರಿನಲ್ಲಿ ಲೈಸೆನ್ಸ್ ಇರುವ ಎರಡು ಉದ್ದ ಬಂದೂಕುಗಳಿವೆ. ಮೂರನೆಯದೂ ಇತ್ತು. ಒಬ್ಬರಿಗೆ ಎರಡೇ ಎಂದು ಕಾನೂನು ಬದಲಾದ ಮೇಲೆ ಅದನ್ನು ಠಾಣೆಗೆ ಒಪ್ಪಿಸಬೇಕಾಯಿತು. ಅಂದಿನಿಂದ ಅವರು, ಹಿರಿಯರ ಹೊಲವನ್ನೇ ಸರಕಾರ ಕಸಿದುಕೊಂಡಂತೆ ಗೊಣಗುತ್ತಲೇ ಇದ್ದಾರೆ.

ಕಳೆದ ವರ್ಷ ಜನವರಿಯಲ್ಲಿ ಕಾಲುವೆ ನೀರಿನ ಪಾಳಿಯ ಸಲುವಾಗಿ ಯಜಮಾನರಿಗೂ ನಮ್ಮ ಕೆಳಗಿನ ಹೊಲದ ಮರಿಲಿಂಗಪ್ಪನಿಗೂ ಜಗಳವಾಯಿತು. ಮರಿಲಿಂಗಪ್ಪ ಮಧ್ಯಾಹ್ನ ನಮ್ಮ ಮನೆಯ ಮುಂದೆ ಬಂದು, ನನ್ನ ಪಾಳಿಯ ನೀರನ್ನು ಕದ್ದು ತಿರುಗಿಸಿಕೊಂಡಿದ್ದೀರಿ ಎಂದು ನಾಲ್ಕು ಮಂದಿಯ ಮುಂದೆ ಅಂದನು. ಅವನು ಅಂದದ್ದು ಸುಳ್ಳಲ್ಲ. ಯಜಮಾನರು ಒಳಗೆ ಬಂದು ಅಲಮಾರಿಯಿಂದ ಬಂದೂಕು ತೆಗೆದರು. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿದ್ದವು. ಅದರ ಕೀಲಿಕೈ ನನ್ನ ಸೆರಗಿನ ಗಂಟಿನಲ್ಲಿತ್ತು. ಎಲ್ಲಿದೆ ಎಂದು ಕೇಳಿದರು, ಗೊತ್ತಿಲ್ಲ ಎಂದೆನು. ಅವರು ಪಾತ್ರೆಗಳನ್ನು ಕೆಡವಿ ಹುಡುಕುತ್ತಿರುವಾಗ ಎದುರುಮನೆಯ ಪಾರ್ವತೆಮ್ಮನಿಗೆ ಕಿಟಕಿಯಿಂದ ಬಂದೂಕಿನ ನಳಿಗೆ ಕಂಡಿತು. ಆಕೆ ಕೂಗಿಕೊಂಡಳು. ಓಣಿಗೆ ಓಣಿಯೇ ಬಂದು ಬಾಗಿಲಿಗೆ ಅಡ್ಡ ನಿಂತು, ಮರಿಲಿಂಗಪ್ಪನನ್ನು ಎಳೆದುಕೊಂಡು ಹೋಯಿತು.

ಆ ಸಂಜೆ ಊಟಕ್ಕೆ ಕುಳಿತಾಗ ಯಜಮಾನರು, ದೊಡ್ಡ ಗಂಡಾಂತರ ತಪ್ಪಿತು ಎಂದು ತಾವೇ ಅಂದರು. ಬುದ್ಧಿ ಬಂತು ಎಂದುಕೊಂಡು ನಾನು ಇನ್ನೊಂದು ರೊಟ್ಟಿ ಬಡಿಸಿದೆ. ಆದರೆ ಅವರು ಕಲಿತ ಪಾಠವೇ ಬೇರೆ. ವಾರದ ನಂತರ, ಈ ಉದ್ದನೆಯದು ಕೆಲಸಕ್ಕೆ ಬಾರದು, ತೆಗೆಯುವುದರೊಳಗೆ ಊರೇ ಕೂಡುತ್ತದೆ, ಇಟ್ಟುಕೊಂಡರೆ ಪಿಸ್ತೂಲು ಇಟ್ಟುಕೊಳ್ಳಬೇಕು ಎಂದು ಹೇಳಿದರು. ನವೆಂಬರಿನಲ್ಲಿ ಬ್ಯಾಂಕಿಗೆ ಬೇಕೆಂದು ನನ್ನ ಫೋಟೋ ಮತ್ತು ಆಧಾರ್ ಕಾರ್ಡು ತೆಗೆದುಕೊಂಡು ಹೋದರು. ಯಾವ ಬ್ಯಾಂಕು ಎಂದು ನಾನು ಕೇಳಲಿಲ್ಲ.

ದಿನಾಂಕ 06-02-2025ರಂದು ಮಸರತ ಅವರು ವಿಚಾರಣೆಗೆಂದು ನಮ್ಮ ಮನೆಗೆ ಬಂದಾಗಲೇ, ಪಿಸ್ತೂಲು ಕೇಳಿದವಳು ನಾನು ಎಂಬುದು ನನಗೆ ತಿಳಿಯಿತು. ಬಂಕಿನ ರೊಕ್ಕ ತರುವಾಗ ನನಗೆ ಜೀವಭಯವಿದೆ ಎಂದು ಅರ್ಜಿಯಲ್ಲಿತ್ತು. ಆ ರೊಕ್ಕವನ್ನು ನಾನು ಇಂದಿನವರೆಗೆ ಮುಟ್ಟಿಲ್ಲ. ಗುಂಡು ಹೊಡೆಯುವ ತರಬೇತಿ ಪಡೆದಿದ್ದೇನೆಂಬ ಸರ್ಟಿಫಿಕೇಟೂ ಇತ್ತು. ಮಸರತ ಅವರು ನನ್ನನ್ನು ಕೇಳಿದ್ದಕ್ಕೆಲ್ಲ ಯಜಮಾನರೇ ಉತ್ತರ ಕೊಟ್ಟರು. ಆಗ ಮಸರತ ಅವರು, "ಅಕ್ಕಾರ, ನೀವು ಯಾವ ಕೈಲೆ ಹೊಡಿತೀರಿ?" ಎಂದು ನನ್ನ ಕಡೆಗೇ ತಿರುಗಿ ಕೇಳಿದರು. ಬಲಗೈ ಎಂದು ಯಜಮಾನರು ಹೇಳಿದರು. ನಾನು ಎಡಚಿ. ಇಪ್ಪತ್ತೇಳು ವರ್ಷದಿಂದ ಅವರು ತಿನ್ನುತ್ತಿರುವ ರೊಟ್ಟಿಯನ್ನು ನಾನು ಎಡಗೈಯಿಂದ ಬಡಿಯುತ್ತೇನೆ. ಇದನ್ನು ಅವರು ನೋಡಿಯೇ ಇಲ್ಲವೆಂದು ಆಗ ಗೊತ್ತಾಗಿ ನನಗೆ ಬಹಳ ಕೆಟ್ಟದೆನಿಸಿತು.

ಮಸರತ ಅವರು ಹೋದ ಮೇಲೆ ಇದೇನೆಂದು ಕೇಳಿದೆನು. ನನಗೆ ಮೂರನೆಯದು ಕೊಡುವುದಿಲ್ಲ, ನಿನ್ನ ಹೆಸರಿನಲ್ಲಿ ಒಂದೂ ಇಲ್ಲ, ಅಷ್ಟೇ ಎಂದರು. ಎರಡೇ ಎಂಬ ಕಾನೂನು ಸಭ್ಯಸ್ಥರ ಕೈ ಕಟ್ಟಲಿಕ್ಕೆ ಮಾತ್ರ, ಕಳ್ಳರು ನಾಡಪಿಸ್ತೂಲು ಕೊಳ್ಳುವಾಗ ಯಾವ ಡಿ.ಸಿ. ಆಫೀಸಿಗೆ ಅರ್ಜಿ ಹಾಕುತ್ತಾರೆ, ಕೊಲ್ಲುವವನಿಗೆ ಕುಡಗೋಲೂ ಸಾಕು, ಇಂಥ ಕಾನೂನಿನಿಂದ ಒಂದು ಖೂನಿಯೂ ನಿಂತಿಲ್ಲ ಎಂದು ವಾದಿಸಿದರು. ಕಳ್ಳರ ವಿಷಯ ನನಗೆ ತಿಳಿಯದು, ಅದರಲ್ಲಿ ನಿಜವೂ ಇರಬಹುದು. ನಾನು ಕಂಡದ್ದು ನಮ್ಮ ಮನೆಯೊಂದನ್ನೇ. ಆ ಮನೆಯಲ್ಲಿ ಒಂದು ಖೂನಿ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಂದೂಕು ಉದ್ದವಿತ್ತು, ಕೀಲಿಕೈ ಸಿಗಲಿಲ್ಲ, ಓಣಿಗೆ ಕಂಡಿತು. ಪಿಸ್ತೂಲು ಅಂಗಿಯ ಒಳಗಿದ್ದರೆ ಪಾರ್ವತೆಮ್ಮ ಏನನ್ನು ನೋಡಿ ಕೂಗಬೇಕು?

ಅದೇ ದಿನ ಸಂಜೆ ಯಜಮಾನರು ಪಡಸಾಲೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಆ ಕಡೆ ಇದ್ದವರು ಯಾರೆಂದು ನನಗೆ ಗೊತ್ತಿಲ್ಲ. ಯಜಮಾನರ ಮಾತನ್ನು ಕೇಳಿದ ಹಾಗೆಯೇ ಬರೆಸುತ್ತೇನೆ. "ಅಕಿ ಹೆಸರಿಲೇನ ಬರ್ಲಿ ತಗೋ. ನಾಳಿ ಏನರ ಆದ್ರ ಪಿಸ್ತೂಲ್ ಯಾರದಂತ ಕೇಳ್ತಾರ. ನಂದಲ್ಲಲ್ಲ." ಇಷ್ಟು ಹೇಳಿ ನಕ್ಕರು.

ನಾಳೆ ಏನು ಆಗುವುದಿದೆ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಮರಿಲಿಂಗಪ್ಪನ ಜೀವಕ್ಕೆ ಏನಾದರೂ ಆದರೆ ಜೈಲಿಗೆ ಹೋಗುವವಳು ನಾನು. ಇನ್ನೊಂದು ಸಂಶಯವೂ ಇದೆ. ಸಂಸಾರ ಮಾಡಿದ ಗಂಡನ ಬಗ್ಗೆ ಅದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಬಂಕು, ಟ್ರ್ಯಾಕ್ಟರ್, ಹೊಲ ಎಲ್ಲವೂ ನನ್ನ ಹೆಸರಿನಲ್ಲಿವೆ. ನನ್ನ ಪಿಸ್ತೂಲಿನಿಂದ ನಾನೇ ಸತ್ತೆನೆಂದರೆ ಕೇಳುವವರು ಯಾರು? ಇದು ಬರೀ ಹೆಂಗಸಿನ ಸಂಶಯವಿರಬಹುದು. ಸುಳ್ಳಾಗಲಿ ಎಂದೇ ದೇವರಲ್ಲಿ ಬೇಡುತ್ತೇನೆ. ಆದರೂ ನಾನು ಎಡಚಿ ಎಂಬುದು ಠಾಣೆಯ ಕಾಗದದಲ್ಲಿ ಇರಲಿ.

ಈ ದಿನ ಶಹಾಪುರದಲ್ಲಿರುವ ಮಗಳು ಸೌಭಾಗ್ಯಳ ಮನೆಗೆ ಹೋಗುತ್ತೇನೆಂದು ಹೇಳಿ, ಬಸ್ಸಿನಲ್ಲಿ ಇಲ್ಲಿಗೆ ಬಂದಿದ್ದೇನೆ. ತೋಟಾ ಪೆಟ್ಟಿಗೆಯ ಕೀಲಿಕೈ ಈಗಲೂ ನನ್ನ ಸೆರಗಿನಲ್ಲಿದೆ. ನನಗೆ ಪಿಸ್ತೂಲು ಬೇಡ. ನನ್ನ ಹೆಸರಿಗೂ ಬೇಡ. ಲೈಸೆನ್ಸ್ ಕೊಡಬಾರದೆಂದು ಕೋರುತ್ತೇನೆ.

ಇಲ್ಲಿ ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ, ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ. ಸಹಿ ಹಾಕಲು ಮಸರತ ಅವರು ಪೆನ್ನು ಕೊಟ್ಟರು. ನಾನು ಏಳನೆಯ ಇಯತ್ತೆ ಓದಿದವಳು, ನನಗೆ ಸಹಿ ಬರುತ್ತದೆ. ಆದರೆ ನನ್ನ ಸಹಿ ಯಜಮಾನರಿಗೂ ಬರುತ್ತದೆ. ಮೊದಲು ಹೇಳಿದ್ದು ತಪ್ಪಾಯಿತು, ನನಗೆ ಪಿಸ್ತೂಲು ಬೇಕು ಎಂದು ನನ್ನ ಸಹಿ ಇರುವ ಕಾಗದ ನಾಳೆ ಬಂದರೆ ನಂಬಬಾರದು. ಅದಕ್ಕಾಗಿ ಪೆನ್ನು ವಾಪಸು ಕೊಟ್ಟು, ಶಾಯಿ ಕೇಳಿ ಪಡೆದು ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಹುಣಸಗಿ
ದಿನಾಂಕ: 11-02-2025

ನನ್ನ ಸಮಕ್ಷಮ: (ಸಹಿ) ಮಸರತ, ಮ.ಹೆ.ಕಾ.

ಗುರುದೇವಿಯ ಎಡಗೈ ಹೆಬ್ಬೆಟ್ಟಿನ ಗುರುತು