ಗುಡ್ಡದ ಮೇಲಿನ ಕಾವಲು

ಸಂಜೆಯ ಯುದ್ಧದಾಟಕ್ಕೆಂದು ಬಂದ ಕೂಟದವರನ್ನೆಲ್ಲ ಮಳೆ ಆ ಮಹಡಿಯ ಕೋಣೆಯಲ್ಲೇ ಕಟ್ಟಿಹಾಕಿತ್ತು. ದೊಡ್ಡ ಮೇಜಿನ ಮೇಲೆ ಹಸಿರು ಬಳಿದ ಗುಡ್ಡ, ಹಲಗೆ ಸೇತುವೆ, ಹೆಬ್ಬೆರಳೆತ್ತರದ ತವರದ ಸೈನಿಕರು. ಆಟ ಅರ್ಧಕ್ಕೇ ನಿಂತಿತ್ತು. ಔಷಧಿ ಅಂಗಡಿ ನಡೆಸುವ ಹೊಸ ಸದಸ್ಯೆಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಿಂದಿನ ದಿನವಷ್ಟೇ ಹಳೆಯ ಯುದ್ಧಭೂಮಿಯನ್ನು ನೋಡಿಬಂದಿದ್ದಳು. ಅಲ್ಲಿಂದ ತಂದ ಮಣ್ಣನ್ನು ತನ್ನ ಸೈನಿಕರ ಕಾಲಡಿಯ ಬಿಲ್ಲೆಗಳಿಗೆ ಅಂಟಿಸಬೇಕೆಂಬ ಆಸೆ. ಗೋಂದಿನ ಮುಚ್ಚಳ ತೆಗೆದಳೋ ಇಲ್ಲವೋ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಮನೆಯೊಡತಿ ಅವಳ ಕೈ ಹಿಡಿದರು.

"ಯಾಕೆ ದೊಡ್ಡಮ್ಮ? ಎಷ್ಟು ಚಂದ ಕಾಣುತ್ತೆ!" ಎಂದಳು ಅವಳು, ಬಿಡಿಸಿಕೊಳ್ಳುತ್ತ.

"ಕಾಣುತ್ತೆ ಕಣಮ್ಮಾ... ಬಲು ಚಂದ ಕಾಣುತ್ತೆ. ನಮ್ಮೆಜಮಾನ್ರೂ ಹಾಗೇ ಅಂದಿದ್ರು. ಕೂತ್ಕೊ. ನೀವೂ ಹತ್ರ ಬನ್ರೋ, ಈ ಮಳೆ ಬಿಡೋ ಹಾಗೆ ಕಾಣ್ತಿಲ್ಲ.

"ಅವರು ಹಲ್ಲಿನ ಡಾಕ್ಟ್ರು. ಹಗಲೆಲ್ಲ ಊರವರ ಹಲ್ಲು ಕೀಳೋದು, ಸಂಜೆಯಾದ್ರೆ ಅದೇ ಕೈಯಲ್ಲಿ ಈ ಬೊಂಬೆಗಳಿಗೆ ಮೀಸೆ, ಗುಂಡಿ ಬರೆಯೋದು... ಊಟಕ್ಕೆ ಕರೆದ್ರೆ ಗೋಡೆನ ಕರೆದ ಹಾಗೆ! ಒಂದ್ಸಲ ನನ್ನನ್ನೂ ಆ ಯುದ್ಧಭೂಮಿಗೆ ಕರ್ಕೊಂಡು ಹೋದ್ರು. ಅಲ್ಲೊಂದು ಗುಡ್ಡ ಇದೆ, ನೋಡಿದ್ಯಲ್ಲ? 'ಹೇಳಿಕಳಿಸೋ ತನಕ ಕದಲಬೇಡಿ' ಅಂತ ಒಂದಷ್ಟು ಜನರನ್ನ ಅಲ್ಲಿ ಕಾವಲಿಗೆ ನಿಲ್ಲಿಸಿ, ಮಿಕ್ಕ ಸೈನ್ಯ ಹೊಳೆ ದಾಟಿಬಿಡ್ತು, ಹೇಳಿಕಳಿಸೋದನ್ನ ಮರೆತೇಬಿಡ್ತು... ಪಾಪ, ನಿಂತಲ್ಲೇ ಸತ್ರು. ಇವರು ಕಣ್ಣೊರೆಸ್ಕೊಂಡು, ಅಲ್ಲಿನ ಮಣ್ಣನ್ನ ಕರ್ಚೀಫಲ್ಲಿ ಕಟ್ಕೊಂಡು ಬಂದು ಕಾವಲಿನ ಬೊಂಬೆಗಳಿಗೆ ಅಂಟಿಸಿದ್ರು. ಆಮೇಲೆ ಶುರುವಾಯ್ತು ನೋಡಿ. ಆಟ ಮುಗಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ರೆ, ಬೆಳಿಗ್ಗೆ ಗುಡ್ಡದ ಮೇಲೆ ನಿಂತಿರೋವು! ನಾನು ತಮಾಷೆ ಮಾಡ್ತಿದೀನಿ ಅಂತ ಇವರು, ಇವರದೇ ಕೆಲಸ ಅಂತ ನಾನು...

"ನಮ್ಮ ಮೇಜಿನ ಕಟ್ಟಳೆ ಗೊತ್ತಲ್ಲ? ಆಜ್ಞೆ ಬಾಯಿಬಿಟ್ಟು ಹೇಳ್ಬೇಕು. ಹೇಳಿದ್ಮೇಲೆ, ದಾಳ ಯಾರ ಕೈಲಿದೆಯೋ ಅವರು ಮಾತ್ರ ಅದನ್ನ ಬದಲಾಯಿಸ್ಬಹುದು. ಒಂದಿನ ಆಟದ ಮಧ್ಯೆ ಯಾರಿಗೋ ಹಲ್ಲುನೋವು ಅಂತ ಕರೆ ಬಂತು. 'ನಾನು ಬರೋ ತನಕ ಅಲ್ಲೇ ಇರಿ' ಅಂತ ಕಾವಲಿನವರಿಗೆ ಹೇಳಿ, ದಾಳ ನನ್ನ ಕೈಗಿಟ್ಟು ಮೆಟ್ಟಿಲಿಳಿದ್ರು... ಬೀದಿ ದಾಟಲಿಲ್ಲ ಕಣಮ್ಮಾ. ಲಾರಿ ಬಂತು."

ಔಷಧಿ ಅಂಗಡಿಯವಳು ಎದ್ದಳು, ಮತ್ತೆ ಕೂತಳು. ಗೋಂದನ್ನು ದೂರ ಸರಿಸಿದಳು. "ಆ ಬೊಂಬೆಗಳು... ಇನ್ನೂ ಕಾಯ್ತಾ ಇದಾವಾ?"

"ಅವು ಕಾಯೋದಿರ್ಲಿ, ಕಾಯಿಸಿದೋರ ಗತಿ ಏನು ಹೇಳು? ತನ್ನ ಜನ ನಿಂತಿರೋವಾಗ ನಾಯಕ ಆದೋನು ಹೇಗೆ ಹೋಗ್ತಾನೆ? ಬರ್ತಾರೆ... ದಿನಾ ಸಂಜೆ ಬರ್ತಾರೆ. ಮೇಜಿನ ಆ ಕಡೆ ನಿಂತು 'ಸಾಕು, ಹೊರಡಿ' ಅಂತಾರೆ. ಬೊಂಬೆಗಳು ಕೇಳಲ್ಲ. ದಾಳ ನನ್ನ ಹತ್ರ ಇದೆಯಲ್ಲ! ಆಮೇಲೆ ನನ್ನ ಕಡೆ ತಿರುಗ್ತಾರೆ, 'ನೀನಾದ್ರೂ ಹೇಳೇ' ಅಂತ. ನಾನು ಒಂದು ಮಾತು ಹೇಳಿದ್ರೆ ಸಾಕು, ಅವೂ ಹೋಗ್ತವೆ, ಇವರೂ ಹೋಗ್ತಾರೆ... ಯಾಕಮ್ಮಾ ಹೇಳ್ಲಿ? ಬದುಕಿದ್ದಾಗ ಒಂದು ದಿನವಾದ್ರೂ ನನ್ನನ್ನ ಇಷ್ಟು ಹೊತ್ತು ನೋಡಿರ್ಲಿಲ್ಲ ಅವರು. ಇಗೋ... ಈಗ್ಲೂ ನೋಡ್ತಾ ಇದಾರೆ."