ನಾನು ಅಳಿಸಿದ ಫೋಟೋಗಳ ಬಗ್ಗೆ

ನೀಲಾ ತಂದೆ ರಾಮಪ್ಪ ಹಾದಿಮನಿ, ವಯಸ್ಸು 34, ಉದ್ಯೋಗ ವಕೀಲಿ, ಸಾಕಿನ್ ವಿದ್ಯಾನಗರ, ಹುಬ್ಬಳ್ಳಿ. ನನ್ನ ಮೇಲೆ ಬಂದ ದೂರಿನ ವಿಚಾರಣೆಗೆ ಈ ದಿನ ಠಾಣೆಗೆ ಹಾಜರಾಗಿ, ಯಾರ ಒತ್ತಡವೂ ಇಲ್ಲದೆ ಬರೆಸುವುದೇನೆಂದರೆ:

ಕಮರಿಪೇಟೆಯ ಸಂಗವ್ವನವರು ಬಹಳ ವರ್ಷಗಳಿಂದ ಮನೆಯಲ್ಲೇ ವಧುವರರ ಕೇಂದ್ರ ನಡೆಸುತ್ತ ಬಂದವರು. ಕಳೆದ ಜನವರಿಯಲ್ಲಿ ಅವರ ಮಗ ಪ್ರಸಾದ ಅದಕ್ಕೊಂದು ವೆಬ್‌ಸೈಟ್ ಮಾಡಿಸಿ, ನಿಯಮಗಳನ್ನೂ ಗೋಪ್ಯತಾ ನೀತಿಯನ್ನೂ ಬರೆದುಕೊಡಲು ನನಗೆ ಹೇಳಿದರು. ಬೇರೆ ಸೈಟಿನದನ್ನೇ ಎತ್ತಿ ಹಾಕಿದರೂ ನಡೆಯುತ್ತದೆ, ಅದನ್ನೆಲ್ಲ ಓದುವವರು ಯಾರು ಎಂದೂ ಹೇಳಿದರು. ನಾನು ಒಪ್ಪಲಿಲ್ಲ. ಸಂಗವ್ವನವರ ಹತ್ತಿರ ಕೂತು ಅವರ ಪದ್ಧತಿ ಕೇಳಿಕೊಂಡೆನು. ಸಂಬಂಧ ಕೂಡದಿದ್ದರೆ ಅಥವಾ ಹುಡುಗಿಗೆ ಬೇರೆ ಕಡೆ ಮದುವೆ ಗೊತ್ತಾದರೆ, ಅವರೇ ಫೋಟೋವನ್ನು ಲಕೋಟೆಯಲ್ಲಿಟ್ಟು ಮನೆಗೆ ಹೋಗಿ ವಾಪಸ್ ಕೊಡುತ್ತಿದ್ದರು. “ನಂಬಿ ಕೊಟ್ಟದ್ದವಾ ಅದು. ಕೆಲಸ ಮುಗದಮ್ಯಾಲ ನಮ್ಮ ಮನ್ಯಾಗ ಒಂದಿನಾನೂ ಇಟ್ಕೋಬಾರದು” ಎಂದರು.

ಅದನ್ನೇ ನೀತಿಯಲ್ಲಿ ಬರೆದೆನು. ಬೇಡವೆಂದು ತಿಳಿಸಿದ ದಿನವೇ ಫೋಟೋ ಅಳಿಸುತ್ತೇವೆ, ಬೇರೆ ಯಾವುದಕ್ಕೂ ಬಳಸುವುದಿಲ್ಲ ಎಂದು. ದೂರಿದ್ದರೆ ಕೇಳುವವರೆಂದು ಕೆಳಗೆ ನನ್ನ ಹೆಸರು, ಫೋನ್ ನಂಬರ್ ಹಾಕಿ, ಪ್ರಸಾದ ನನಗೆ ಸೈಟಿನ ಪಾಸ್‌ವರ್ಡನ್ನೂ ಕೊಟ್ಟಿದ್ದರು.

ಕಳೆದ ಸೋಮವಾರ ಬೆಳಿಗ್ಗೆ ಗರಗದ ಶಿಕ್ಷಕಿ ರಜನಿ ಎಂಬವರು ಫೋನ್ ಮಾಡಿದರು. ಮದುವೆ ಗೊತ್ತಾಗಿದೆ, ಫೋಟೋ ತೆಗೆಯಿರಿ ಎಂದು ತಿಂಗಳ ಹಿಂದೆಯೇ ಪ್ರಸಾದರಿಗೆ ತಿಳಿಸಿದ್ದರಂತೆ. ಆದರೂ ಧಾರವಾಡದ ಬಸ್ ನಿಲ್ದಾಣದ ಎದುರು ವೆಬ್‌ಸೈಟಿನ ಜಾಹೀರಾತು ಬೋರ್ಡಿನ ಮೇಲೆ ‘ವರ ಬೇಕಾಗಿದೆ’ ಎಂದು ಅವರದೇ ಫೋಟೋ ಇದೆಯೆಂದೂ, ಗಂಡಿನ ಕಡೆಯವರು ನೋಡಿ ಮದುವೆ ಮಾತು ನಿಲ್ಲಿಸಿದ್ದಾರೆಂದೂ ಹೇಳಿದರು. “ನೀವು ಬರದದ್ದು ಓದೇ ನಾ ಫೋಟೋ ಕೊಟ್ಟಿದ್ದೆರಿ, ಅಕ್ಕಾರ” ಎಂದರು.

ಸೈಟು ತೆರೆದು ನೋಡಲಾಗಿ, ಫೋಟೋಗಳನ್ನು ಪ್ರಚಾರಕ್ಕೆ ಬಳಸಬಹುದು ಎಂದು ನೀತಿಯನ್ನು ತಿದ್ದಲಾಗಿತ್ತು. ಕೆಳಗೆ ನನ್ನ ಹೆಸರು ಮಾತ್ರ ಹಾಗೇ ಇತ್ತು. ಕೂಡಲೇ ಕಮರಿಪೇಟೆಗೆ ಹೋಗಿ ಕೇಳಿದೆನು. ಕಾಗದದ ಫೋಟೋ ಆದರೆ ವಾಪಸ್ ಕೊಡಬಹುದು, ಕಂಪ್ಯೂಟರಿನಲ್ಲಿ ಇದ್ದದ್ದನ್ನು ವಾಪಸ್ ಕೊಡುವುದೇನು, ಬೋರ್ಡನ್ನಂತೂ ಇಳಿಸುವುದಿಲ್ಲ ಎಂದು ಪ್ರಸಾದ ನಕ್ಕರು. ಸಂಗವ್ವನವರು ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ನನ್ನ ಕಡೆಗೆ ಸರಿಸಿದರು. ಅಲ್ಲೇ ಕೂತು, ಬೇಡವೆಂದು ತಿಳಿಸಿದ್ದ ಎಲ್ಲ ಹೆಣ್ಣುಮಕ್ಕಳ ಫೋಟೋಗಳನ್ನು ಅಳಿಸಿ, ನನ್ನ ಮೊದಲಿನ ನೀತಿಯನ್ನೇ ಮತ್ತೆ ಹಾಕಿದೆನು. ಇದಕ್ಕೇ ಪ್ರಸಾದ ನನ್ನ ಮೇಲೆ ದೂರು ಕೊಟ್ಟಿದ್ದಾರೆ. ಅಳಿಸಿದವಳು ನಾನು, ಸಂಗವ್ವನವರ ಮೇಲೆ ಯಾರೂ ತಪ್ಪು ಹೊರಿಸಬಾರದು. ನನಗೆ ಇದರ ಬಗ್ಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಬೋರ್ಡು ಈಗಲೂ ಅಲ್ಲೇ ಇದೆ. ಪೊಲೀಸರು ಇಳಿಸದಿದ್ದರೆ ಏಣಿ ತಂದು ನಾನೇ ಇಳಿಸುವವಳಿದ್ದೇನೆ, ಇದನ್ನೂ ಇದರಲ್ಲೇ ಸೇರಿಸಬೇಕೆಂದು ಹೇಳಿ ಬರೆಸಿದ್ದೇನೆ.

ಹೇಳಿಕೆ ಬರೆದುಕೊಂಡ ಹವಾಲ್ದಾರ ಲೋಹಿತ ಅವರು, ನನಗೆ ಒಳ್ಳೆಯದಾಗಲೆಂದು, ತಿಳಿಯದೆ ಅಳಿಸಿದ್ದೇನೆ ಎಂದು ಬರೆದಿದ್ದರು. ಓದಿ ಹೇಳಿದಾಗ ಅದನ್ನು ಹೊಡೆದುಹಾಕಿಸಿ, ಬೇಕೆಂದೇ ಅಳಿಸಿದ್ದೇನೆ ಎಂದು ಬರೆಸಿದ್ದೇನೆ. ಈಗ ಇದರಲ್ಲಿರುವುದೆಲ್ಲ ನನ್ನ ಮಾತು, ಎಲ್ಲವೂ ಖರೆ. ನಾನು ಬರೆದ ನೀತಿಯನ್ನು ಒಮ್ಮೆ ಪ್ರಸಾದ ನನಗೆ ಹೇಳದೆ ತಿದ್ದಿದ್ದಾರೆ. ಆದ್ದರಿಂದ ಕೊನೆಯ ಸಾಲಿಗೆ ತಾಗಿಸಿಯೇ ಸಹಿ ಮಾಡಿದ್ದೇನೆ, ನಡುವೆ ಇನ್ನೊಂದು ಸಾಲಿಗೆ ಜಾಗ ಬಿಟ್ಟಿಲ್ಲ.
(ಸಹಿ) ನೀಲಾ ಹಾದಿಮನಿ, ಹುಬ್ಬಳ್ಳಿ, 12-6-2025